‘ಅದಕ್ಕ ಈಜು ಬರ್ತೈತಿ’: ಹುಲಿಯ ಮತ್ತು ಹೊಳೆ ದಾಟಿ ಬಂದ ನಾಯಿಗಳು

ಕಂಪ್ಲಿ ಕಡೆ ‘ಪ್ರವಾಹ’ ಎಂಬ ಮಾತು ಪತ್ರಿಕೆಗಳಲ್ಲಿ ಇರುತ್ತದೆ, ಮಂದಿಯ ಬಾಯಲ್ಲಿ ಇರುವುದಿಲ್ಲ. ಅವರು ‘ಹೊಳಿ ಬಂತು’ ಅನ್ನುತ್ತಾರೆ, ಇಲ್ಲವೇ ‘ಡ್ಯಾಮಿನಿಂದ ನೀರು ಬಿಟ್ಟಾರ’ ಅನ್ನುತ್ತಾರೆ. ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ ಎಷ್ಟು ತೆರೆದಿವೆ, ಎಷ್ಟು ಅಡಿ ತೆರೆದಿವೆ ಎಂಬುದರ ಮೇಲೆ ಹಂಪಿಯ ಪುರಂದರ ಮಂಟಪ ಎಲ್ಲಿವರೆಗೆ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಬಸ್ಸು ಓಡಾಡುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಹೊರತಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅದೇ ದಿನಗಳಲ್ಲಿ ಕಂಪ್ಲಿ ಕೋಟೆಯ ಹೊಳೆದಂಡೆಯಲ್ಲಿರುವ ನಮ್ಮ ಸೋದರತ್ತೆಯ ಮನೆಗೂ ನೀರು ಬಂದಿತ್ತು.

ಅತ್ತೆಯ ಮನೆಯವರು ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಊರ ಮೇಲುಭಾಗದ ಶಾಲೆಗೆ ಹೋದರು. ಕಾಳಿನ ಚೀಲ, ಟ್ರಂಕು, ಎರಡು ಮೇಕೆ, ಅಕ್ಕಪಕ್ಕದ ಮೂರು ಮನೆಯ ಮಂದಿ ಎಲ್ಲರಿಗೂ ಅದೊಂದೇ ಗಾಡಿ. ರಾಜನಿಗೆ ಜಾಗ ಆಗಲಿಲ್ಲ. ರಾಜ ಅಂದರೆ ಅವರ ನಾಯಿ. ‘ಹಗ್ಗ ಬಿಚ್ಚಿ ಬಂದ್ವಿ. ಅದಕ್ಕ ಈಜು ಬರ್ತೈತಿ, ಎಲ್ಲೆರ ಹತ್ತಿಕೊಂತೈತಿ ಅಂದ್ಕೊಂಡ್ವಿ’ ಎಂದು ಅತ್ತೆ ಆಮೇಲೆ ಹೇಳಿದಳು. ನೀರು ಇಳಿದ ಮೇಲೆ ಮನೆ ಇತ್ತು, ರಾಜ ಇರಲಿಲ್ಲ.

ಆದರೆ ಶಾಲೆಯ ಗಂಜಿ ಕೇಂದ್ರಕ್ಕೆ ಇನ್ನೊಂದು ನಾಯಿ ಬಂದಿತ್ತು. ಕಂದು ಬಣ್ಣದ ಹೆಣ್ಣುನಾಯಿ, ಕೊರಳಲ್ಲಿ ಗೇಣುದ್ದದ ತುಂಡು ಹಗ್ಗ. ಹಗ್ಗದ ತುದಿ ನೋಡಿದರೆ ಯಾರೋ ಬಿಚ್ಚಿ ಕಳಿಸಿದ್ದಲ್ಲ, ಅದೇ ಕಡಿದುಕೊಂಡು ಬಂದದ್ದು ಅನ್ನಿಸುತ್ತಿತ್ತು. ಯಾರೂ ತಮ್ಮದೆಂದು ಕೇಳಿಕೊಂಡು ಬರಲಿಲ್ಲ. ಮನೆ ಒಣಗುವವರೆಗೆ ಇರಲೆಂದು ಅತ್ತೆ ಸಂಡೂರಿನ ನಮ್ಮ ಮನೆಗೆ ಬಂದಾಗ ಅದೂ ಟೆಂಪೋದಲ್ಲಿ ಬಂತು. ಅತ್ತೆ ವಾಪಸ್ ಹೊರಟಾಗ ಮಾತ್ರ ಅದು ಗಾಡಿ ಹತ್ತಲಿಲ್ಲ. ನಮ್ಮವ್ವ ಅದನ್ನು ‘ಕಂಪ್ಲಿ’ ಎಂದು ಕರೆದಳು. ಊರ ಹೆಸರೇ ಅದರ ಹೆಸರಾಯಿತು.

ಇದನ್ನು ಹೇಳುತ್ತಿರುವುದು ಮನೆಯ ಕತೆಗಾಗಿ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ನಾನು ಎರಡು ಸಲ ಪೂರ್ತಿಯಾಗಿ ಓದಿದ್ದೇನೆ. ಮೊದಲ ಸಲ ಕಂಪ್ಲಿ ನಮ್ಮ ಮನೆಗೆ ಬರುವ ಮುಂಚೆ, ಎರಡನೆಯ ಸಲ ಅದು ಬಂದ ಮೇಲೆ. ಎರಡನೆಯ ಓದಿನಲ್ಲಿ ಹುಲಿಯ ಎಂಬ ನಾಯಿಯ ಕಡೆಯ ಗಳಿಗೆ ನಾನು ಮೊದಲು ಓದಿದಂತೆ ಓದಿಸಿಕೊಳ್ಳಲಿಲ್ಲ. ಏಕೆ ಎಂಬುದು ಈ ಬರಹದ ಪ್ರಶ್ನೆ.

ಕಾದಂಬರಿ ಓದದವರಿಗಾಗಿ ಎರಡು ಮಾತು. ಗುತ್ತಿ ಸಿಂಬಾವಿ ಹೆಗ್ಗಡೆಯವರ ಹೊಲೆಯರ ಆಳು. ಹುಲಿಯ ಅವನ ನಾಯಿ. ನಾಯಿ ಸದಾ ಜೊತೆಗಿರುವುದರಿಂದ ಅವನಿಗೆ ‘ನಾಯಿಗುತ್ತಿ’ ಎಂದೇ ಹೆಸರು. ಅವನು ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು, ಒಡೆಯರ ಕೈಗೆ ಸಿಗದೆ, ಕಾಡು ಗುಡ್ಡ ಅಲೆಯುತ್ತಾನೆ. ಹುಲಿಯ ಉದ್ದಕ್ಕೂ ಜೊತೆಗಿರುತ್ತದೆ. ಕೊನೆಗೆ ಮಳೆಗಾಲದ ತುಂಬು ತುಂಗೆಯನ್ನು ದಾಟುವ ಹೊತ್ತು ಬರುತ್ತದೆ. ದಾಟಿದವರು ಗುತ್ತಿ ಮತ್ತು ತಿಮ್ಮಿ. ಹುಲಿಯ ಹೊಳೆಯ ಪಾಲಾಗುತ್ತದೆ.

ತರಗತಿಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಈ ಸಾವಿಗೆ ಸಾಮಾನ್ಯವಾಗಿ ಎರಡು ಅರ್ಥ ಹೇಳುತ್ತೇವೆ. ಒಂದು, ಹುಲಿಯ ಸ್ವಾಮಿನಿಷ್ಠೆಯ ಸಂಕೇತ. ಇನ್ನೊಂದು, ಬಿಡುಗಡೆಗೆ ಗುತ್ತಿ ತೆತ್ತ ಬೆಲೆ. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ಹುಲಿಯ ಬೇರೆ ಯಾವುದನ್ನೋ ತೋರಿಸುವ ಕೈಮರವಾಗುತ್ತದೆ. ಕಾದಂಬರಿಯ ಬಾಗಿಲಲ್ಲೇ ಕುವೆಂಪು ಇಲ್ಲಿ ಮುಖ್ಯರು ಅಮುಖ್ಯರು ಎಂಬ ಭೇದವಿಲ್ಲ ಎಂಬರ್ಥದ ಮಾತನ್ನು ನಿಲ್ಲಿಸಿದ್ದಾರೆ. ಅದನ್ನು ಎಲ್ಲ ಸೆಮಿನಾರುಗಳಲ್ಲೂ ಉದ್ಧರಿಸುವ ನಾವು, ಹುಲಿಯನ ಹತ್ತಿರ ಬಂದಾಗ ಮಾತ್ರ ಅದನ್ನು ಮರೆತು ಸಂಕೇತ ಹುಡುಕುತ್ತೇವೆ.

ಹುಲಿಯನ ಸಾವನ್ನು ಮೊದಲು ಹೊಳೆಯಲ್ಲಿ ನಡೆದ ಸಾವು ಎಂದೇ ಓದಿ ನೋಡೋಣ. ಆ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗುತ್ತದೆ. ಹೊನ್ನಾಳಿ, ಹರಿಹರ ದಾಟಿ, ಹೊಸಪೇಟೆಯಲ್ಲಿ ಅಣೆಕಟ್ಟಿಗೆ ನಿಂತು, ಹಂಪಿಯ ಬಂಡೆಗಳ ನಡುವೆ ಇಳಿದು ಕಂಪ್ಲಿಗೆ ಬರುತ್ತದೆ. ಹುಲಿಯನನ್ನು ಒಯ್ದ ನೀರು ನಮ್ಮ ನೀರು. ಮಲೆನಾಡಿನ ಮಳೆ ನಮ್ಮಲ್ಲಿಗೆ ಬರುವುದು ಮಳೆಯಾಗಿ ಅಲ್ಲ, ಹೊಳೆಯಾಗಿ. ನಮ್ಮ ಆಕಾಶ ಬೆಳ್ಳಗಿರುವಾಗಲೇ ಊರು ಮುಳುಗುವುದುಂಟು. ಅಲ್ಲಿ ದಾಟುವುದು ಗುತ್ತಿಯ ಆಯ್ಕೆ, ಇಲ್ಲಿ ಹೊಳೆಯೇ ಮನೆಯೊಳಗೆ ಬರುತ್ತದೆ. ಆದರೆ ದಡ ಬಿಡುವ ಗಳಿಗೆಯಲ್ಲಿ ಎರಡೂ ಕಡೆ ಪ್ರಶ್ನೆ ಒಂದೇ: ಯಾರಿಗೆ ಜಾಗ, ಯಾರು ಈಜಿಕೊಂಡು ಬರಬೇಕು?

ಈ ಪ್ರಶ್ನೆ ಹಂಪಿಗೆ ಹಳೆಯದು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ಹೊಳೆ ದಾಟಿಸುವ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ದೊಡ್ಡವು ಎನ್ನುತ್ತಾನೆ. ಬೇಕೆಂದರೆ ಕುದುರೆ, ಎತ್ತುಗಳನ್ನೂ ಅದರಲ್ಲಿ ದಾಟಿಸಬಹುದು, ಆದರೆ ಬಹುಮಟ್ಟಿಗೆ ಅವು ಈಜಿಯೇ ದಾಟುತ್ತವೆ ಎಂದೂ ಹೇಳುತ್ತಾನೆ. ಅತ್ತೆಯ ಮಾತು ನನಗೆ ಈ ಪುಟದಲ್ಲಿ ಮತ್ತೆ ಕೇಳಿತು. ‘ಅದಕ್ಕ ಈಜು ಬರ್ತೈತಿ’ ಎಂಬುದು ಐನೂರು ವರ್ಷದ ಸಮಾಧಾನ. ಅದರಲ್ಲಿ ನಿಜವೂ ಇದೆ, ನಾಯಿಗೆ ಈಜು ಬರುತ್ತದೆ. ಆದರೆ ಬಿಟ್ಟ ನೀರಿನ ಸೆಳೆತ ಬೇರೆ, ಊರ ಕೆರೆ ಬೇರೆ ಎಂಬುದು ಆ ಮಾತನ್ನಾಡುವವರಿಗೂ ಗೊತ್ತಿರುತ್ತದೆ.

ಪಾಯಸ್ ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ. ಕನ್ನಡ ಮಹಾಭಾರತ ಪೂರ್ತಿಯಾದದ್ದೂ ಅದೇ ಕಾಲದಲ್ಲಿ. ಕುಮಾರವ್ಯಾಸ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ ನಿಲ್ಲಿಸಿದ್ದ. ಉಳಿದದ್ದನ್ನು ರಾಯನ ಆಶ್ರಯದ ತಿಮ್ಮಣ್ಣ ಕವಿ ಮುಂದುವರಿಸಿದ. ಭಾರತದ ನಾಯಿ ಬರುವುದು ಕುಮಾರವ್ಯಾಸ ಬಿಟ್ಟುಹೋದ ಆ ಕೊನೆಯ ಭಾಗದಲ್ಲಿ, ಮಹಾಪ್ರಸ್ಥಾನದಲ್ಲಿ. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿಯುವುದು ಒಂದು ನಾಯಿ. ಇಂದ್ರನ ರಥ ಬರುತ್ತದೆ, ನಾಯಿಗೆ ಜಾಗವಿಲ್ಲ ಎನ್ನುತ್ತಾನೆ ಇಂದ್ರ. ಹಾಗಾದರೆ ನಾನೂ ಬರುವುದಿಲ್ಲ ಎನ್ನುತ್ತಾನೆ ಧರ್ಮರಾಯ.

ವಾಹನದಲ್ಲಿ ಜಾಗವಿಲ್ಲ ಎಂಬ ಮಾತಿಗೆ ನಮ್ಮ ಪರಂಪರೆಯಲ್ಲಿ ಸಿಗುವ ಅತಿ ದೊಡ್ಡ ಉತ್ತರ ಇದು. ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ನಾಯಿ ನಾಯಿಯಾಗಿರದೆ ಯಮಧರ್ಮನಾಗಿಬಿಡುತ್ತದೆ, ಪರೀಕ್ಷೆ ಮುಗಿಯುತ್ತದೆ. ಅದು ಬರೀ ನಾಯಿಯೇ ಆಗಿದ್ದಿದ್ದರೆ ರಥದಲ್ಲಿ ಅದಕ್ಕೆ ಜಾಗ ಸಿಗುತ್ತಿತ್ತೇ? ಕತೆ ಈ ಪ್ರಶ್ನೆಯನ್ನು ಎತ್ತಿ, ಉತ್ತರಿಸುವ ಮೊದಲೇ ನಾಯಿಯನ್ನು ಮಾಯಮಾಡುತ್ತದೆ. ಹುಲಿಯ ಈ ಕತೆಗೆ ಕುವೆಂಪು ಕೊಟ್ಟ ತಿರುಗು ಮರುಗು ಎಂದು ಓದಲು ಸಾಧ್ಯವಿದೆ. ತುಂಗೆಯ ದಡದಲ್ಲಿ ಯಾವ ದೇವರೂ ವೇಷ ಕಳಚುವುದಿಲ್ಲ. ಹುಲಿಯ ಕೊನೆಯವರೆಗೂ ನಾಯಿಯಾಗಿಯೇ ಉಳಿಯುತ್ತದೆ, ನಾಯಿಯಾಗಿಯೇ ಸಾಯುತ್ತದೆ. ಗುತ್ತಿಗೆ ಧರ್ಮರಾಯನ ಹಾಗೆ ‘ಬರುವುದಿಲ್ಲ’ ಎನ್ನುವ ಸೌಕರ್ಯವಿಲ್ಲ. ಅವನ ಬೆನ್ನ ಹಿಂದೆ ಒಡೆಯರ ಲೋಕವಿದೆ. ನಿರಾಕರಿಸಿ ನಿಲ್ಲುವುದಕ್ಕೂ ಒಂದು ಅಂತಸ್ತು ಬೇಕು ಎಂಬುದನ್ನು ಕುವೆಂಪು ಬಲ್ಲರು. ಅತ್ತೆಯ ಮನೆಯವರು ರಾಜನನ್ನು ಬಿಟ್ಟುಬಂದದ್ದನ್ನು ನಾನು ತೀರ್ಪಿನ ಕಣ್ಣಿನಿಂದ ನೋಡದಿರುವಂತೆ ಮಾಡಿದ್ದು ಗುತ್ತಿ.

ಆದರೂ ಕಾದಂಬರಿಯ ಬಗ್ಗೆ, ಅಥವಾ ನಮ್ಮ ಒಟ್ಟು ಕಥನ ಪರಂಪರೆಯ ಬಗ್ಗೆ, ನನ್ನದೊಂದು ತಕರಾರಿದೆ. ಕನ್ನಡದಲ್ಲಿ ನಾಯಿಗೆ ಕತೆ ಸಿಗುವುದು ಅದು ಸತ್ತಾಗ. ಆತಕೂರಿನ ಶಾಸನವನ್ನೇ ನೋಡಿ. ಹತ್ತನೆಯ ಶತಮಾನದ ನಡುವೆ, ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಮೇಲೆ, ಮಣಲೆರ ಎಂಬ ವೀರ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ವಿಧಿಸಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಂದ ಸಾವಿರ ವರ್ಷ ದಾಟಿ 2022ರ ‘777 ಚಾರ್ಲಿ’ ಸಿನಿಮಾಕ್ಕೆ ಬನ್ನಿ. ನಾಯಕನ ಹೆಸರು ಧರ್ಮ. ನಾಯಿಯ ಜೊತೆ ಹಿಮಾಲಯದ ಕಡೆಗೆ ಪಯಣ. ಮಹಾಪ್ರಸ್ಥಾನದ ನೆರಳು ಸ್ಪಷ್ಟ. ಕೊನೆಗೆ ಹಿಮದಲ್ಲಿ ಚಾರ್ಲಿ ಸಾಯುತ್ತದೆ, ಧರ್ಮ ಮನುಷ್ಯನಾಗುತ್ತಾನೆ. ಚಿತ್ರಮಂದಿರದಲ್ಲಿ ನಾನೂ ಅತ್ತೆ. ಆದರೆ ಕಾಳಿ, ಹುಲಿಯ, ಚಾರ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿದರೆ ಒಂದು ಕರಾರು ಕಾಣುತ್ತದೆ: ನಾಯಿ ಪ್ರಾಣ ಕೊಡಬೇಕು, ನಾವು ಅದಕ್ಕೆ ಕಲ್ಲನ್ನೋ ಕತೆಯನ್ನೋ ಕಣ್ಣೀರನ್ನೋ ಕೊಡುತ್ತೇವೆ.

ಹೊಳೆ ದಾಟಿ ಬದುಕಿಬಂದ ನಾಯಿಗೆ ಈ ಕರಾರಿನಲ್ಲಿ ಜಾಗವಿಲ್ಲ. ಅದಕ್ಕೆ ಸರ್ಕಾರಿ ಕಾಗದದಲ್ಲೂ ಜಾಗವಿಲ್ಲ. ವಿಪತ್ತು ಪರಿಹಾರಕ್ಕೆ ಕೇಂದ್ರ ಸರ್ಕಾರ 2022–26ರ ಅವಧಿಗೆ ನಿಗದಿ ಮಾಡಿದ ದರಪಟ್ಟಿಯಲ್ಲಿ ಹಾಲು ಕೊಡುವ ಹಸು–ಎಮ್ಮೆ ಸತ್ತರೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಕುರಿ–ಮೇಕೆಗೆ 4,000, ಕೋಳಿಗೆ 100. ನಾಯಿ ಆ ಪಟ್ಟಿಯಲ್ಲಿ ಇಲ್ಲ. ದುಡಿಮೆಯ, ಹಾಲಿನ, ಮಾಂಸದ ಲೆಕ್ಕದಲ್ಲಿ ಬರೆದ ಪಟ್ಟಿ ಅದು, ಅದರ ತರ್ಕ ಅರ್ಥವಾಗುತ್ತದೆ. ಅತ್ತೆಯ ಟ್ರೇಲರಿನಲ್ಲಿ ಮೇಕೆಗಳಿಗೆ ಜಾಗ ಸಿಕ್ಕು ರಾಜನಿಗೆ ಸಿಗದಿದ್ದುದರ ತರ್ಕವೂ ಇದೇ. ಆ ಸಂಜೆ ಯಾರೂ ದರಪಟ್ಟಿ ನೋಡಿರಲಿಲ್ಲ, ಆದರೂ ಎಲ್ಲರಿಗೂ ಅದು ಬಾಯಿಪಾಠವಿತ್ತು.

ಬೇರೆ ಕಡೆ ಈ ಪ್ರಶ್ನೆಗೆ ಕಾನೂನಿನ ಉತ್ತರ ಬಂದದ್ದುಂಟು. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಕತ್ರಿನಾ ಚಂಡಮಾರುತ ಮುಳುಗಿಸಿದಾಗ, ಬಸ್ಸುಗಳಲ್ಲಿ, ಆಶ್ರಯ ಕೇಂದ್ರಗಳಲ್ಲಿ ನಾಯಿ–ಬೆಕ್ಕುಗಳಿಗೆ ಅವಕಾಶವಿಲ್ಲ ಎಂದದ್ದಕ್ಕೆ ಅನೇಕರು ಮನೆ ಬಿಟ್ಟು ಬರಲಿಲ್ಲ. ಮರುವರ್ಷವೇ, 2006ರಲ್ಲಿ, ತುರ್ತು ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅಲ್ಲಿ ಕಾಯ್ದೆ ಬಂತು. ಜಾಗ ಕೊಡುವುದು ಕರುಣೆಯ ವಿಷಯ ಮಾತ್ರ ಆಗಿರಲಿಲ್ಲ. ನಾಯಿಗೆ ಜಾಗವಿಲ್ಲದಿದ್ದರೆ ಮನುಷ್ಯರೂ ಸಾಯುತ್ತಾರೆ ಎಂಬುದು ಆ ನೆರೆಯ ಪಾಠ. ಧರ್ಮರಾಯನ ‘ಬರುವುದಿಲ್ಲ’ ಅಲ್ಲಿ ಸಾಮಾನ್ಯ ಜನರ ಬಾಯಲ್ಲಿ ಬಂದಿತ್ತು.

ನಮ್ಮಲ್ಲಿ ನಾಯಿಯ ಬಗ್ಗೆ ಪ್ರೀತಿಯೇ ಇಲ್ಲವೆಂದಲ್ಲ. ಡ್ಯಾಮಿನಿಂದ ಮೇಲಕ್ಕೆ, ಇದೇ ತುಂಗಭದ್ರೆಯ ಆಸುಪಾಸಿನಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮೈಲಾರವಿದೆ. ಮೈಲಾರಲಿಂಗನ ಒಕ್ಕಲಾದ ಗೊರವರು ಕಂಬಳಿ ಹೊದ್ದು, ಬಟ್ಟಲಲ್ಲಿ ತುಂಬಿದ ಹಾಲು ಹಣ್ಣಿನ ಎಡೆಯನ್ನು ನಾಯಿಗಳಂತೆ ಬೊಗಳುತ್ತ, ಕಚ್ಚಾಡುತ್ತ ತಿನ್ನುವ ಸೇವೆ ಮಾಡುತ್ತಾರೆ. ಆ ಬಟ್ಟಲಿಗೆ ‘ದೋಣಿ’ ಎಂದು ಹೆಸರು. ದೇವರ ಮುಂದೆ ಮನುಷ್ಯ ನಾಯಿಯಾಗುವುದು ಇಲ್ಲಿ ಅವಮಾನವಲ್ಲ, ಭಕ್ತಿ. ದಿನದ ಮಾತಿನಲ್ಲಿ ‘ನಾಯಿಪಾಡು’ ಎಂದರೆ ಕೀಳು ಬದುಕು, ಮೈಲಾರದ ಜಾತ್ರೆಯಲ್ಲಿ ಅದೇ ಪಾಡು ಸೇವೆ. ಮನುಷ್ಯನಿಗೆ ನಾಯಿಯ ದೋಣಿ ಸಿಗುತ್ತದೆ, ನಾಯಿಗೆ ಮನುಷ್ಯನ ದೋಣಿ ಸಿಗುವುದು ಕಷ್ಟ. ಭಕ್ತಿಯಲ್ಲಾಗಲಿ ಬೈಗುಳದಲ್ಲಾಗಲಿ ನಾಯಿ ನಮಗೆ ಒಂದು ಸ್ಥಿತಿಯ ಹೆಸರು. ನಮ್ಮ ಮನೆಯ ಮೂಲೆಯಲ್ಲಿ ಮಲಗಿರುವ, ತನ್ನದೇ ಹಳೆಯ ದಿನಗಳಿರುವ ಒಂದು ಜೀವವಾಗಿ ಅದನ್ನು ಬರೆಯುವುದು ಬೇರೆ ಕೆಲಸ.

ಆ ಕೆಲಸವನ್ನು ಕನ್ನಡದಲ್ಲಿ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೊ’ (1980) ಕಾದಂಬರಿಯಲ್ಲಿ, ‘ಪರಿಸರದ ಕತೆ’ಯಲ್ಲಿ ಬರುವ ಕಿವಿ ಎಂಬ ನಾಯಿ ನೆನಪಿನಲ್ಲಿ ಉಳಿಯುವುದು ತ್ಯಾಗದಿಂದಲ್ಲ, ಕಿತಾಪತಿಯಿಂದ. ಅದಕ್ಕೆ ತನ್ನದೇ ಗೀಳುಗಳಿವೆ, ತಪ್ಪು ಲೆಕ್ಕಾಚಾರಗಳಿವೆ. ಕತೆ ಹೇಳುವವನ ವ್ಯಕ್ತಿತ್ವವನ್ನು ಬೆಳಗಿಸಲೆಂದು ಅದು ಅಲ್ಲಿಲ್ಲ. ತಂದೆಯ ಕಾದಂಬರಿಯಲ್ಲಿ ಹೊಳೆಯ ಪಾಲಾದ ನಾಯಿ ಮಗನ ಬರಹದಲ್ಲಿ ದಡ ಹತ್ತಿ ಮೈಕೊಡವಿ ನಿಂತಂತೆ ನನಗೆ ಕಾಣುತ್ತದೆ. ಆದರೆ ಕಿವಿ ಯಾವ ನೆರೆಯಿಂದಲೂ ಬಂದದ್ದಲ್ಲ. ಅದರ ಹಿಂದಿನ ಬದುಕು ನಮಗೆ ಗೊತ್ತಿದೆ. ನೆರೆಯ ನಾಯಿಯ ತೊಡಕು ಇರುವುದು ಅಲ್ಲೇ: ಅದರ ಪೂರ್ವಕತೆ ನಮ್ಮ ಕೈಯಲ್ಲಿಲ್ಲ.

ಕಂಪ್ಲಿ ಬಂದು ಇಷ್ಟು ವರ್ಷವಾದರೂ ಅದರ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಮಳೆ ಶುರುವಾದರೆ ಮಂಚದ ಕೆಳಗೆ ಹೋಗುತ್ತದೆ. ಟ್ರ್ಯಾಕ್ಟರ್ ಸದ್ದಿಗೆ ಎದ್ದು ನಿಲ್ಲುತ್ತದೆ, ಬೊಗಳುವುದಿಲ್ಲ. ಸಂಡೂರಿನ ಕೆಂಪು ಧೂಳಿನಲ್ಲಿ ಅದರ ಕಂದು ಮೈ ಬೇಸಿಗೆಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೊದಲ ವರ್ಷ ಕಟ್ಟಿದ ಹಗ್ಗವನ್ನೆಲ್ಲ ಕಡಿದು ಹಾಕಿತು, ಆಮೇಲೆ ನಾವು ಕಟ್ಟುವುದನ್ನೇ ಬಿಟ್ಟೆವು. ‘ಛಬ್ಬೂ’ ಎಂದು ಬೀದಿಯಲ್ಲಿ ಯಾರೋ ಮಗುವನ್ನು ಕರೆದಾಗ ಒಮ್ಮೆ ಕಿವಿ ನಿಮಿರಿಸಿ ಬಾಗಿಲಿಗೆ ಓಡಿತ್ತು. ಅದು ಅದರ ಹಳೆಯ ಹೆಸರಿಗೆ ಹತ್ತಿರದ ಸದ್ದಿರಬಹುದೇ ಎಂದು ಅವ್ವ ಇಡೀ ಸಂಜೆ ಬೇರೆ ಬೇರೆ ಹೆಸರು ಕೂಗಿ ನೋಡಿದಳು. ಯಾವುದಕ್ಕೂ ಅದು ತಿರುಗಲಿಲ್ಲ.

‘ನೆರೆಯಲ್ಲಿ ರಕ್ಷಿಸಿದ ನಾಯಿ’ ಎಂದು ಬಂದವರಿಗೆ ನಾನು ಪರಿಚಯಿಸಿದಾಗ ಅವ್ವ ತಿದ್ದುತ್ತಾಳೆ: ‘ನಾವೇನ್ ರಕ್ಷಣಾ ಮಾಡಿಲ್ಲ, ಅದೇ ಬಂದೈತಿ.’ ಇದು ವಿನಯವಲ್ಲ, ಸರಿಯಾದ ವರದಿ. ನೀರಿನಿಂದ ಅದನ್ನು ಯಾರೂ ಎತ್ತಲಿಲ್ಲ. ಹಗ್ಗ ಕಡಿದದ್ದು, ಈಜಿದ್ದು, ಶಾಲೆಯ ದಾರಿ ಹಿಡಿದದ್ದು ಎಲ್ಲ ಅದೇ. ‘ದತ್ತು ತೆಗೆದುಕೊಂಡೆವು’ ಎಂಬ ಮಾತು ಇತ್ತೀಚೆಗೆ ನಾಯಿಗಳ ವಿಷಯದಲ್ಲೂ ಕೇಳುತ್ತಿದೆ. ಆ ಮಾತಿನಲ್ಲಿ ಕರ್ತೃ ನಾವು. ನಮ್ಮ ಕಡೆಯ ‘ಬಂದೈತಿ’ಯಲ್ಲಿ ಕರ್ತೃ ನಾಯಿ. ಸಾಹಿತ್ಯದಲ್ಲಿ ಆಗಬೇಕಾದ ಬದಲಾವಣೆ ಈ ಕ್ರಿಯಾಪದದಷ್ಟೇ ಸಣ್ಣದು, ಅಷ್ಟೇ ಕಷ್ಟದ್ದು.

ಮತ್ತೆ ಹುಲಿಯನಿಗೆ ಬರುತ್ತೇನೆ. ನನ್ನ ಎರಡನೆಯ ಓದಿನಲ್ಲಿ ಏನು ಬದಲಾಯಿತು? ಮೊದಲ ಸಲ ನಾನು ಗುತ್ತಿಯ ಜೊತೆ ದಡದಲ್ಲಿ ನಿಂತು ನೋಡಿದ್ದೆ. ಎರಡನೆಯ ಸಲ ಕಣ್ಣು ನೀರಿನಲ್ಲಿತ್ತು. ನಮ್ಮ ಮನೆಯಲ್ಲಿರುವುದು ಯಾರದೋ ಹುಲಿಯ. ಅದು ಸತ್ತಿತೆಂದೇ ತಿಳಿದ ಒಬ್ಬ ಗುತ್ತಿಯೋ ಒಬ್ಬ ತಿಮ್ಮಿಯೋ ಹೊಳೆಯ ಆಸುಪಾಸಿನ ಯಾವುದೋ ಊರಲ್ಲಿ ಇದ್ದಾರೆ. ಹಾಗೆಯೇ ನಮ್ಮ ರಾಜ ಕೆಳಗಿನ ಯಾವುದೋ ಊರಿನ ಅಂಗಳದಲ್ಲಿ ಬೇರೆ ಹೆಸರಿಗೆ ಓಗೊಡುತ್ತಿರಬಹುದು. ಅತ್ತೆ ಇದನ್ನು ನಂಬುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ಕುವೆಂಪು ಬರೆದದ್ದು ದಡ ಮುಟ್ಟಿದವರ ದುಃಖ. ಅದನ್ನು ಅದಕ್ಕಿಂತ ಚೆನ್ನಾಗಿ ಬರೆಯುವುದು ಸಾಧ್ಯವಿಲ್ಲ. ಕನ್ನಡದಲ್ಲಿ ಇನ್ನೂ ಬರೆಯಬೇಕಾದದ್ದು ಇನ್ನೊಂದು ದಡ: ಒಬ್ಬರ ಹುಲಿಯ ಇನ್ನೊಬ್ಬರ ಮನೆಯ ಕಂಪ್ಲಿಯಾಗಿ ಬದುಕುವ, ದೊಡ್ಡ ಘಟನೆಗಳಿಲ್ಲದ ವರ್ಷಗಳು.

ಹೊಳೆ ದಾಟಿದ ಮೇಲೆ ನಾಯಿಗುತ್ತಿಯ ಹೆಸರು ಏನಾಯಿತು ಎಂದು ನಾನು ಯೋಚಿಸುತ್ತಿರುತ್ತೇನೆ. ನಾಯಿ ಹೋಯಿತು, ಹೆಸರಿನಲ್ಲಿ ನಾಯಿ ಉಳಿಯಿತು. ಅವನನ್ನು ಯಾರು ಕರೆದರೂ ಹುಲಿಯನನ್ನು ಕರೆದಂತೆ. ನಮ್ಮಲ್ಲಿ ಅದು ತಿರುಗಿದೆ: ಊರು ಬಿಟ್ಟ ನಾಯಿಯ ಹೆಸರಿನಲ್ಲಿ ಊರು ಉಳಿದಿದೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಕೆಳದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಗಿತ್ತು. ಅತ್ತೆಗೆ ಫೋನ್ ಮಾಡಿದೆ. ಅವಳ ಮನೆಯಲ್ಲಿ ಈಗ ಇನ್ನೊಂದು ನಾಯಿಯಿದೆ. ಸಾಮಾನು ಕಟ್ಟುತ್ತಿದ್ದಳು. ‘ಟ್ರ್ಯಾಕ್ಟರಿನವಗ ಮೊದಲಾ ಹೇಳೀನಿ, ಈ ಸಲ ನಾಯಿನೂ ಐತಿ ಅಂತ. ಆತ ಹೂಂ ಅಂದ ಮ್ಯಾಲೇ ಉಳಿದದ್ದು ಕಟ್ಟಾಕ ಕುಂತೀನಿ’ ಎಂದಳು. ಆಮೇಲೆ, ಕಂಪ್ಲಿಯಲ್ಲೇ ಕೂತು, ‘ಕಂಪ್ಲಿ ಹೆಂಗೈತಿ?’ ಎಂದು ಕೇಳಿದಳು.

ಸಂಡೂರಿನಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು. ಮಂಚದ ಕೆಳಗೈತಿ ಅತ್ತಿ, ಅಂದೆ.